ಕತೆ ಯಾರಿಗೆ ಹೇಳಿದ್ದು?

ಒಂದು ಭಾಷೆ ಸಾಯ್ತಾ ಇದೆ, ಉಳಿಸಿ ಅಂತ ಯಾರಾದರೂ ಕಣ್ಣೀರು ಹಾಕಿದಾಗ ನಾವು ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಅದು ಸಾಯ್ತಾ ಇದೆಯೋ, ಕೊಂದರೋ? ಭಾಷೆಗಳು ಮನುಷ್ಯರ ಹಾಗೆ ವಯಸ್ಸಾಗಿ ಸಾಯುವುದಿಲ್ಲ. ಮಕ್ಕಳ ಬಾಯಿಂದ ಕಿತ್ತುಕೊಂಡಾಗ ಸಾಯುತ್ತವೆ. ಕಿತ್ತವರು ಯಾರು ಅನ್ನೋದನ್ನ ಬಿಟ್ಟು ಬರೀ ಉಳಿಸುವ ಮಾತಾಡುವ ಪುಸ್ತಕ ಎಷ್ಟೇ ಅಂದವಾಗಿ ಅಚ್ಚಾಗಿರಲಿ, ಅದನ್ನು ಅನುಮಾನದಿಂದಲೇ ಓದಬೇಕು. ಉತ್ತರ ಅಮೆರಿಕದ ಒಜಿಬ್ವೆ ಜನರ ಹಿರಿಯರು ತಮ್ಮ ಕತೆಗಳನ್ನೂ ಬುದ್ಧಿಮಾತುಗಳನ್ನೂ ಮಕ್ಕಳಿಗೆ ದಾಟಿಸಲು ಮಾಡಿರುವ ಪುಸ್ತಕಗಳನ್ನು ಇಲ್ಲಿ ಈ ಕಣ್ಣಿನಿಂದಲೇ ನೋಡುತ್ತೇನೆ. ಅವರಿಗೆ ಮುಂಚೆ ಅದೇ ಕತೆಗಳನ್ನು ಹೊತ್ತುಕೊಂಡು ಹೋದ ಪಂಡಿತರ ಪುಸ್ತಕಗಳನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ.

ಒಜಿಬ್ವೆಗಳು ಮಹಾಸರೋವರಗಳ ಸುತ್ತಣ ಜನ. ಅವರ ನೆಲ ಇವತ್ತು ಎರಡು ದೇಶಗಳ ನಡುವೆ ಹರಿದುಹೋಗಿದೆ. ಗಡಿಯ ಈಚೆ ಅಮೆರಿಕದ ಮಿಶಿಗನ್, ವಿಸ್ಕಾನ್ಸಿನ್, ಮಿನ್ನೆಸೋಟಾ, ಉತ್ತರ ಡಕೋಟಾ. ಆಚೆ ಕೆನಡಾದ ಒಂಟಾರಿಯೊ, ಮ್ಯಾನಿಟೋಬಾ, ಸಸ್ಕಾಚೆವಾನ್. ಅಮೆರಿಕ ಸರ್ಕಾರದ ಕಾಗದಪತ್ರಗಳಲ್ಲಿ ಅವರ ಹೆಸರು ಚಿಪ್ಪೆವಾ. ಅವರು ತಮ್ಮನ್ನು ಕರೆದುಕೊಳ್ಳುವುದು ಅನಿಶಿನಾಬೆ ಅಂತ, ಭಾಷೆಯನ್ನು ಅನಿಶಿನಾಬೆಮೊವಿನ್ ಅಂತ. ಇವೆಲ್ಲದರ ಮೇಲೆ 'ಇಂಡಿಯನ್' ಅನ್ನೋ ಇನ್ನೊಂದು ಹೆಸರು. ದಾರಿ ತಪ್ಪಿದ ಕೊಲಂಬಸ್ ನಮ್ಮ ದೇಶದ ಹೆಸರನ್ನು ಅವರ ಹಣೆಗೆ ಅಂಟಿಸಿಹೋದ. ಐದು ನೂರು ವರ್ಷ ಆದರೂ ಅದು ಪೂರ್ತಿ ಕಿತ್ತುಬಂದಿಲ್ಲ. ಹೆಸರಿಡುವ ಹಕ್ಕು ಯಾರ ಕೈಯಲ್ಲಿರುತ್ತೋ ಅವರೇ ಯಜಮಾನರು ಅನ್ನೋದನ್ನ ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕೊಂದ ಕತೆಗೆ ಬರೋಣ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೈನ್ಯಾಧಿಕಾರಿ ಬುಡಕಟ್ಟು ಮಕ್ಕಳಿಗಾಗಿ ಒಂದು ವಸತಿ ಶಾಲೆ ತೆರೆದ. ಒಳಗಿನ ಇಂಡಿಯನ್ನನ್ನು ಕೊಂದರೇನೇ ಮನುಷ್ಯನನ್ನು ಉಳಿಸಬಹುದು ಅನ್ನೋದು ಅವನ ತತ್ವ. ಅದೇ ಮಾದರಿಯ ಶಾಲೆಗಳು ದೇಶದ ತುಂಬ ಎದ್ದವು. ಮಕ್ಕಳ ಜುಟ್ಟು ಕತ್ತರಿಸಿದರು, ಹೆಸರು ಬದಲಿಸಿದರು, ತಾಯಿಯ ಮಾತಾಡಿದರೆ ಹೊಡೆದರು. ಕೆನಡಾದಲ್ಲಿ ಚರ್ಚುಗಳು ನಡೆಸುತ್ತಿದ್ದ ಇಂಥ ಶಾಲೆಗಳಿಗೆ ಮಕ್ಕಳನ್ನು ಬಲವಂತವಾಗಿ ಎಳೆದೊಯ್ಯುವುದಕ್ಕೆ 1920ರಲ್ಲಿ ಕಾನೂನಿನ ಬಲವೂ ಸಿಕ್ಕಿತು. ಅಲ್ಲಿನ ಕೊನೆಯ ಶಾಲೆಗಳಿಗೆ ಬೀಗ ಬಿದ್ದದ್ದು 1990ರ ದಶಕದಲ್ಲಿ. ಆ ದೇಶವೇ ನೇಮಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ ಸಾವಿರಾರು ಜನರ ಸಾಕ್ಷಿ ಕೇಳಿ, 2015ರಲ್ಲಿ ಇದನ್ನು ಸಾಂಸ್ಕೃತಿಕ ನರಮೇಧ ಅಂತ ಕರೆಯಿತು.

ಶಾಲೆ ಒಂದೇ ಬಂದದ್ದಲ್ಲ, ಸರ್ವೇ ಸರಪಳಿಯೂ ಜತೆಗೇ ಬಂತು. 1887ರ ಡಾಸ್ ಕಾಯಿದೆ ಬುಡಕಟ್ಟುಗಳು ಒಟ್ಟಾಗಿ ಅನುಭವಿಸುತ್ತಿದ್ದ ನೆಲವನ್ನು ತುಂಡು ಮಾಡಿ ತಲೆಗಿಷ್ಟು ಅಂತ ಹಂಚಿತು, ಮಿಕ್ಕಿದ್ದನ್ನು ಬಿಳಿಯರಿಗೆ ತೆರೆಯಿತು. ಮಿನ್ನೆಸೋಟಾದಲ್ಲಿ 1867ರಲ್ಲಿ ಒಜಿಬ್ವೆಗಳಿಗೆಂದೇ ಗುರುತು ಮಾಡಿದ ವೈಟ್ ಅರ್ತ್ ಮೀಸಲು ಪ್ರದೇಶದ ಬಹುಪಾಲು ನೆಲ ಕೆಲವೇ ದಶಕಗಳಲ್ಲಿ ಮರದ ವ್ಯಾಪಾರಿಗಳ, ಬಿಳಿಯ ಒಕ್ಕಲಿನವರ ಪಾಲಾಯಿತು. ಇಲ್ಲಿ ಮೀಸಲು ಅಂದರೆ ನಮ್ಮ ಮೀಸಲಾತಿ ಅಲ್ಲ. ಎಲ್ಲ ಕಿತ್ತುಕೊಂಡ ಮೇಲೆ ಬಿಟ್ಟ ಚೂರು. ಕಾಡಿನ ಹೆಸರು ಗೊತ್ತಿರೋ ಮಗು ದೊಡ್ಡದಾಗಿ ಕಾಡು ಕೇಳುತ್ತೆ. ಹೆಸರೇ ಮರೆಸಿಬಿಟ್ಟರೆ ಯಾವುದನ್ನು ಕೇಳೀತು? ಭಾಷೆಯ ಪ್ರಶ್ನೆ ಹೊಟ್ಟೆಯ ಪ್ರಶ್ನೆ ಅಲ್ಲ ಅನ್ನೋ ಗೆಳೆಯರು ಈ ಎರಡು ಇಸವಿಗಳನ್ನು, 1879 ಮತ್ತು 1887ನ್ನು, ಒಟ್ಟಿಗೇ ಓದಬೇಕು.

ಇನ್ನು ಪಂಡಿತರ ವಿಚಾರ. ಹೆನ್ರಿ ರೋ ಸ್ಕೂಲ್‌ಕ್ರಾಫ್ಟ್ 1822ರಿಂದ ಮಿಶಿಗನ್ನಿನ ಸೂ ಸೇಂಟ್ ಮರೀ ಎಂಬಲ್ಲಿ ಸರ್ಕಾರದ ಇಂಡಿಯನ್ ಏಜೆಂಟ್ ಆಗಿದ್ದ. ಒಜಿಬ್ವೆ ಮುಖಂಡರ ಮನೆತನದ ತಾಯಿಗೂ ಐರಿಶ್ ವ್ಯಾಪಾರಿ ತಂದೆಗೂ ಹುಟ್ಟಿದ ಜೇನ್ ಜಾನ್‌ಸ್ಟನ್ನಳನ್ನು ಮದುವೆಯಾದ. ಹೆಂಡತಿ, ಅತ್ತೆ, ಹೆಂಡತಿಯ ಒಡಹುಟ್ಟಿದವರು ಒಲೆಯ ಮುಂದೆ ಹೇಳಿದ ಕತೆಗಳನ್ನು ಇಂಗ್ಲಿಷಿಗೆ ಇಳಿಸಿ, ತಿದ್ದಿ ತೀಡಿ, 1839ರಲ್ಲಿ 'ಆಲ್ಜಿಕ್ ರಿಸರ್ಚಸ್' ಎಂಬ ಪುಸ್ತಕ ಮಾಡಿದ. ಅಮೆರಿಕದ ಜಾನಪದ ಅಧ್ಯಯನದ ಪಿತಾಮಹ ಅಂತ ಇವನನ್ನು ಹೊಗಳುವವರಿದ್ದಾರೆ. ಹೊಗಳಲಿ. ಆದರೆ ಇನ್ನೊಂದು ಕಾಗದವನ್ನೂ ಅದರ ಪಕ್ಕಕ್ಕಿಡಲಿ. 1836ರಲ್ಲಿ ಒಟಾವಾ ಮತ್ತು ಒಜಿಬ್ವೆಗಳಿಂದ ಮಿಶಿಗನ್ನಿನ 1 ಕೋಟಿ 30 ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಬರೆಸಿಕೊಂಡ ಒಪ್ಪಂದಕ್ಕೆ ಸರ್ಕಾರದ ಪರವಾಗಿ ಕೂತವನೂ ಇವನೇ. ಕತೆ ಬರೆದುಕೊಂಡ ಕೈಯೇ ನೆಲವನ್ನೂ ಬರೆಸಿಕೊಂಡಿತು.

ಜೇನ್ ತಾನೇ ಕವಿ. ಒಜಿಬ್ವೆಯಲ್ಲೂ ಇಂಗ್ಲಿಷಿನಲ್ಲೂ ಬರೆದವಳು. ಗಂಡನ ಒತ್ತಾಯಕ್ಕೆ ಮಕ್ಕಳಿಬ್ಬರನ್ನೂ ದೂರದ ಪೂರ್ವ ತೀರದ ಶಾಲೆಗೆ ಬಿಟ್ಟು ಬರುವಾಗಿನ ಸಂಕಟವನ್ನು 1839ರಲ್ಲಿ ಒಜಿಬ್ವೆಯಲ್ಲಿ ಪದ್ಯ ಮಾಡಿದಳು. ಸಂಕಟದ ಹೊತ್ತಿಗೆ ಬಾಯಿಗೆ ಬಂದದ್ದು ತಾಯಿಯ ಮಾತು. 1842ರಲ್ಲಿ ತೀರಿಕೊಂಡಳು. ಗಂಡನ ಪುಸ್ತಕಗಳು ಗ್ರಂಥಾಲಯಗಳಲ್ಲಿ ಸಾಲಾಗಿ ನಿಂತವು. ಅವಳ ಕವಿತೆಗಳು ಒಂದು ಸಂಪುಟವಾಗಿ ಅಚ್ಚಾದದ್ದು 2007ರಲ್ಲಿ. ಲೆಕ್ಕ ಹಾಕಿ, 165 ವರ್ಷ! ಕತೆ ಹೇಳಿದವಳ ಬಾಯಿಗೂ ಅಚ್ಚುಮೊಳೆಗೂ ನಡುವೆ ಇಷ್ಟು ದೂರ ಇದೆ.

ಸ್ಕೂಲ್‌ಕ್ರಾಫ್ಟನ ಪುಸ್ತಕದಿಂದ ಕತೆಗಳನ್ನೆತ್ತಿ ಲಾಂಗ್‌ಫೆಲೋ 1855ರಲ್ಲಿ 'ಹಯಾವಥಾ' ಕಾವ್ಯ ಬರೆದ. ಒಜಿಬ್ವೆಗಳ ಕತೆಯ ನಾಯಕ ನಾನಬೊಜೊ. ಅವನು ಕಿಲಾಡಿ, ಹೊಟ್ಟೆಬಾಕ, ಹುಂಬ, ಆದರೂ ಜನರಿಗೆ ಬೇಕಾದವನು. ಲಾಂಗ್‌ಫೆಲೋ ಅವನ ಸಾಹಸಗಳನ್ನು ಇಟ್ಟುಕೊಂಡು ಹೆಸರನ್ನು ಮಾತ್ರ ಬೇರೆಯೇ ಜನವಾದ ಇರೊಕ್ವಾಗಳಿಂದ ತಂದ. ಛಂದಸ್ಸನ್ನು ಫಿನ್ಲೆಂಡಿನ ಕಲೆವಾಲದಿಂದ ತಂದ. ಕೊನೆಗೆ ಆ ನಾಯಕನ ಬಾಯಲ್ಲೇ ಬಿಳಿಯ ಪಾದ್ರಿಗೆ ಸ್ವಾಗತ ಹೇಳಿಸಿ, ದೋಣಿ ಹತ್ತಿಸಿ, ಸೂರ್ಯ ಮುಳುಗೋ ಕಡೆಗೆ ಕಳಿಸಿಬಿಟ್ಟ. ಎಂಥಾ ಅನುಕೂಲದ ನಾಯಕ! ತಾನಾಗಿಯೇ ಜಾಗ ಖಾಲಿ ಮಾಡಿ ಹೋಗುವವನು. ಆ ಕಾವ್ಯದ ಲಯ ಚೆನ್ನಾಗಿದೆ ಅನ್ನುವವರೊಂದಿಗೆ ನನಗೆ ಜಗಳವಿಲ್ಲ. ಆ ಲಯ ಯಾರನ್ನು ಮಲಗಿಸುವುದಕ್ಕೆ ಹಾಡಿದ್ದು ಅನ್ನೋದೇ ನನ್ನ ಪ್ರಶ್ನೆ.

ಹಾಗಾದರೆ ಇಂಥ ಪುಸ್ತಕಗಳನ್ನು ಅಳೆಯುವುದು ಯಾವುದರಿಂದ? ಅಳತೆಗೋಲನ್ನು ಆ ಭಾಷೆಯೇ ಕೊಡುತ್ತದೆ. ಒಜಿಬ್ವೆಯಲ್ಲಿ 'ನಾವು' ಎಂಬುದಕ್ಕೆ ಎರಡು ಪದಗಳಿವೆ. ಕೇಳುವವನನ್ನೂ ಸೇರಿಸಿಕೊಂಡ ನಾವು 'ಗೀನವಿಂದ್'. ಕೇಳುವವನನ್ನು ಬಿಟ್ಟ ನಾವು 'ನೀನವಿಂದ್'. ನಮ್ಮ ಕನ್ನಡದಲ್ಲಿ ಈ ಭೇದ ಇಲ್ಲ, ಆದರೆ ನೆರೆಮನೆಯಲ್ಲೇ ಇದೆ. ತೆಲುಗಿನವರು ಮನಂ, ಮೇಮು ಅಂತಾರೆ. ತುಳುವರು ನಮ, ಎಂಕ್ಲು ಅಂತಾರೆ. ಒಜಿಬ್ವೆಯಲ್ಲಿ ಬಾಯಿ ತೆರೆದು 'ನಾವು' ಅನ್ನಬೇಕಾದರೆ ಎದುರಿಗೆ ಕೂತವನು ನಮ್ಮವನೋ ಅಲ್ಲವೋ ಅನ್ನೋದನ್ನ ಮೊದಲು ತೀರ್ಮಾನಿಸಲೇಬೇಕು. ಇಂಗ್ಲಿಷಿಗೆ ಹೋದ ಕೂಡಲೇ ಆ ತೀರ್ಮಾನ ಅಳಿಸಿಹೋಗುತ್ತೆ. ಹಿರಿಯರ ಕತೆಯ ಯಾವ ಪುಸ್ತಕ ಸಿಕ್ಕರೂ ನಾನು ಕೇಳುವುದು ಇದನ್ನೇ: ಈ ಪುಸ್ತಕದ 'ನಾವು' ಯಾವುದು? ಕತೆ ಯಾರಿಗೆ ಹೇಳಿದ್ದು?

ಇನ್ನೊಂದು ಮಾತು. ಈ ಭಾಷೆಯಲ್ಲಿ ನಾಮಪದಗಳು ಗಂಡು ಹೆಣ್ಣು ಅಂತ ಒಡೆಯುವುದಿಲ್ಲ. ಜೀವವುಳ್ಳದ್ದು, ಜೀವವಿಲ್ಲದ್ದು ಅಂತ ಒಡೆಯುತ್ತವೆ. ಕಲ್ಲು ಜೀವದ ಕಡೆ ಸೇರುತ್ತೆ. ಅದೇ ರೀತಿ 'ಆದಿಜೋಕಾನ್' ಅಂದರೆ ಪೂರ್ವದ ಪವಿತ್ರ ಕತೆ. ಅದೂ ಜೀವದ ಕಡೆಗೇ. ಕತೆಯನ್ನು 'ಅದು' ಅಂತ ಅಲ್ಲ, 'ಅವನು' 'ಅವಳು' ಅನ್ನೋ ಥರ ಮಾತಾಡಿಸಬೇಕು. ದಿನದ ಬದುಕಿನ ನೆನಪು, ಸುದ್ದಿ, ಅನುಭವಗಳಿಗೆ ಬೇರೆ ಹೆಸರಿದೆ, 'ದಿಬಾಜಿಮೊವಿನ್'. ಕತೆಯನ್ನು ಜೀವ ಅಂತ ತಿಳಿದವರ ಹತ್ತಿರ ಹೋಗಿ, ಅದನ್ನು ಒಣಗಿಸಿ ಪುಟದ ನಡುವೆ ಇಡುವುದಕ್ಕೆ 'ಸಂಗ್ರಹ' ಅಂತ ಹೆಸರಿಟ್ಟರು! ಚಿಟ್ಟೆ ಹಿಡಿದು ಗುಂಡುಸೂಜಿ ಚುಚ್ಚೋರೂ ಸಂಗ್ರಾಹಕರೇ ತಾನೆ?

ಈ ಅಳತೆಗೋಲು ಹಿಡಿದು ಹಿರಿಯರ ಪುಸ್ತಕಗಳಿಗೆ ಬರೋಣ. ಒಂಟಾರಿಯೊದ ಬೇಸಿಲ್ ಜಾನ್‌ಸ್ಟನ್ (1929–2015) ಹತ್ತು ವರ್ಷದ ಹುಡುಗನಾಗಿದ್ದಾಗ ಸ್ಪ್ಯಾನಿಶ್ ಎಂಬ ಊರಿನ ಪಾದ್ರಿಗಳ ವಸತಿ ಶಾಲೆಗೆ ಒಯ್ಯಲ್ಪಟ್ಟವರು. ಆ ಶಾಲೆ ಅವರ ಮಾತನ್ನು ಕಸಿಯಲಾಗಲಿಲ್ಲ. ಮುಂದೆ ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ದುಡಿದರು. 1976ರಲ್ಲಿ 'ಒಜಿಬ್ವೇ ಹೆರಿಟೇಜ್', 1988ರಲ್ಲಿ 'ಇಂಡಿಯನ್ ಸ್ಕೂಲ್ ಡೇಸ್' ಬರೆದರು. ಎರಡನೆಯದರಲ್ಲಿ ಅಳುವಿಗಿಂತ ನಗೆ ಹೆಚ್ಚು. ಹಸಿದ ಹುಡುಗರ ತುಂಟತನ, ಮೇಷ್ಟ್ರುಗಳನ್ನು ಸತಾಯಿಸೋ ಉಪಾಯಗಳು. ಪಾದ್ರಿಯ ಬೆತ್ತದ ಕೆಳಗೂ ನಾನಬೊಜೊ ಬದುಕಿದ್ದ ಅನ್ನೋದಕ್ಕೆ ಆ ಪುಸ್ತಕವೇ ಸಾಕ್ಷಿ. ಮೊದಲನೆಯದು ಬೇರೆ ಜಾತಿಯ ಬರಹ. ಅದರ ಇಂಗ್ಲಿಷ್ ಗಂಭೀರ, ಉಪನ್ಯಾಸದ ಧಾಟಿಯದು. ಬಿಳಿಯ ಓದುಗನಿಗೆ 'ನಮಗೂ ತತ್ವ ಇದೆ, ನಮಗೂ ಪರಂಪರೆ ಇದೆ' ಅಂತ ರುಜುವಾತು ಮಾಡುವ ಒತ್ತಾಯ ಆ ಧಾಟಿಯ ಬೆನ್ನಿಗಿದೆ. ಅಲ್ಲಿನ 'ನಾವು' ಕೇಳುಗನನ್ನು ಹೊರಗಿಟ್ಟ 'ನೀನವಿಂದ್'. ಆ ಕಾಲಕ್ಕೆ ಅದು ಬೇಕಾಗಿತ್ತು. ನಿಮಗೆ ಏನೂ ಇಲ್ಲ ಅಂತ ನೂರು ವರ್ಷ ಹೇಳಿಸಿಕೊಂಡ ಜನ ಒಂದು ಸಾರಿಯಾದರೂ ಇದೆ ಅಂತ ಕೂಗಬೇಕಾಗುತ್ತೆ. ಆದರೆ ಆ ಕೂಗಿನಿಂದ ಭಾಷೆ ಉಳಿಯೋದಿಲ್ಲ. ಜಾನ್‌ಸ್ಟನ್ನರಿಗೆ ಇದು ಗೊತ್ತಿತ್ತು. ಅದಕ್ಕೇ ಅವರು ಭಾಷೆಯ ಪಾಠಗಳನ್ನೂ ಬರೆದರು, ಭಾಷೆ ಹೋದರೆ ಕತೆಯ ತಿರುಳೇ ಹೋಗುತ್ತೆ ಅಂತ ಕೊನೆವರೆಗೂ ವಾದ ಮಾಡಿದರು.

ಮಿನ್ನೆಸೋಟಾದ ಮಿಲ್ ಲ್ಯಾಕ್ಸ್ ಕಡೆಯ ಮಾಡ್ ಕೆಗ್ (1904–1996) ಅವರದು ಬೇರೆ ದಾರಿ. ಅಜ್ಜಿಯ ಕೈಯಲ್ಲಿ ಬೆಳೆದವರು. ಮಣಿ ಪೋಣಿಸುವ ಕಸೂತಿಯಲ್ಲಿ ಹೆಸರಾದವರು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಗೌರವ ಪಡೆದವರು. ಅವರು ಒಜಿಬ್ವೆಯಲ್ಲಿ ಹೇಳಿದ್ದನ್ನು ಭಾಷಾವಿಜ್ಞಾನಿ ಜಾನ್ ನಿಕಲ್ಸ್ ಬರೆದುಕೊಂಡು, ಎದುರು ಪುಟದಲ್ಲಿ ಇಂಗ್ಲಿಷ್ ಇಟ್ಟು, 1991ರಲ್ಲಿ 'ಪೋರ್ಟೇಜ್ ಲೇಕ್' ಎಂಬ ಪುಸ್ತಕ ಬಂತು. ಲೇಖಕಿ ಅಂತ ಮಾಡ್ ಕೆಗ್ ಅವರ ಹೆಸರೇ ಇದೆ. ಇದು ಸಣ್ಣ ಮಾತಲ್ಲ. ಸ್ಕೂಲ್‌ಕ್ರಾಫ್ಟನ ಕಾಲದಿಂದ ಇಲ್ಲಿಗೆ ಬರಲು ಒಂದೂವರೆ ಶತಮಾನ ಹಿಡಿಯಿತು. ಪುಸ್ತಕದಲ್ಲಿ ದೊಡ್ಡ ತತ್ವ ಇಲ್ಲ. ಅಜ್ಜಿ ಇದ್ದಾಳೆ, ಸಕ್ಕರೆ ಮೇಪಲ್ ಮರದ ರಸ ಇಳಿಸಿ ಬೆಲ್ಲ ಕಾಯಿಸೋ ವಸಂತ ಇದೆ, ಕೆರೆಯ ಕಾಡುಭತ್ತದ ಸುಗ್ಗಿ ಇದೆ, ಹುಡುಗಿಯೊಬ್ಬಳ ಹೆದರಿಕೆ ಮತ್ತು ನಗು ಇದೆ.

ಕಾಡುಭತ್ತದ ಕೆಲಸವನ್ನೇ ನೋಡಿ. ಆ ಭತ್ತಕ್ಕೆ 'ಮನೋಮಿನ್' ಅಂತಾರೆ. ದೋಣಿಯಲ್ಲಿ ಇಬ್ಬರು. ಒಬ್ಬರು ಗಳು ಹಾಕಿ ತಳ್ಳುತ್ತಾರೆ, ಇನ್ನೊಬ್ಬರು ಎರಡು ಕೋಲಿನಿಂದ ತೆನೆ ಬಗ್ಗಿಸಿ ಬಡಿದು ಕಾಳನ್ನು ದೋಣಿಗೇ ಉದುರಿಸುತ್ತಾರೆ. ದಡಕ್ಕೆ ತಂದು ಒಣಗಿಸಿ, ಹುರಿದು, ಗುಂಡಿಯಲ್ಲಿ ಕಾಲಿನಿಂದ ತುಳಿದು ಹೊಟ್ಟು ಬಿಡಿಸಿ, ಬರ್ಚ್ ಮರದ ತೊಗಟೆಯ ಮೊರದಲ್ಲಿ ಕೇರುತ್ತಾರೆ. ನಮ್ಮ ಅವ್ವಂದಿರು ಕೇರುವ ಹಾಗೆಯೇ. ಹುರಿಯುವುದಕ್ಕೆ ಒಂದು ಕ್ರಿಯಾಪದ, ತುಳಿಯುವುದಕ್ಕೆ ಒಂದು, ಕೇರುವುದಕ್ಕೆ ಇನ್ನೊಂದು. ಒಜಿಬ್ವೆ ಕ್ರಿಯಾಪದಗಳ ಮೇಲೆ ನಿಂತ ಭಾಷೆ, ಅಂದರೆ ದುಡಿಮೆಯ ಭಾಷೆ. ಮಾಡ್ ಕೆಗ್ ಅವರ ಗದ್ಯದ ಶಕ್ತಿ ಇಲ್ಲಿದೆ. ಅಲ್ಲಿ ವಿಶೇಷಣಗಳ ಒಡವೆ ಇಲ್ಲ, ಕೆಲಸ ಇದೆ. 'ಇವರದು ಸರಳ ನಿರೂಪಣೆ' ಅಂತ ಒಂದು ಸಾಲಿನಲ್ಲಿ ಮುಗಿಸುವ ವಿಮರ್ಶಕರಿಗೆ ಕೆಲಸ ಮಾಡಿ ಗೊತ್ತಿಲ್ಲ ಅಷ್ಟೆ. ಕೈ ನಿಲ್ಲಿಸದೆ ಮಾತಾಡುವವರ ವಾಕ್ಯ ಹಾಗೇ ಇರುತ್ತೆ.

2001ರಲ್ಲಿ ಬಂದ 'ಲಿವಿಂಗ್ ಅವರ್ ಲ್ಯಾಂಗ್ವೇಜ್' ಹಲವು ಹಿರಿಯರ ಕತೆಗಳ ಸಂಕಲನ. ಸಂಪಾದಕ ಆಂಟನ್ ಟ್ರೂಯರ್ ತಾವೇ ಲೀಚ್ ಲೇಕ್ ಕಡೆಯ ಒಜಿಬ್ವೆ. ಆರ್ಚಿ ಮೋಸೆ, ಜಿಮ್ ಕ್ಲಾರ್ಕ್, ಮೆಲ್ವಿನ್ ಈಗಲ್, ಎಮ್ಮಾ ಫಿಶರ್, ಜೋ ಆಗಿನಾಶ್ ಮೊದಲಾದವರ ದನಿಗಳು ಬೇರೆ ಬೇರೆಯಾಗಿಯೇ ಉಳಿದಿವೆ. ಒಬ್ಬನೇ ಪಂಡಿತ ಎಲ್ಲರ ಬಾಯನ್ನೂ ಒಂದೇ ಸೋಪಿನಲ್ಲಿ ತೊಳೆದ ವಾಸನೆ ಇಲ್ಲ. ಇಲ್ಲಿರುವುದು ಹೆಚ್ಚಾಗಿ ದಿಬಾಜಿಮೊವಿನ್: ಬಾಲ್ಯದ ನೆನಪು, ಬೇಟೆ, ಶಾಲೆ, ತಮಾಷೆ. ಇದರಲ್ಲಿ ವೈಟ್ ಅರ್ತ್‌ನ ಜೋ ಆಗಿನಾಶ್ ಹೇಳಿದ ಒಂದು ಮಾತು ಎಲ್ಲ ವಾದಗಳನ್ನೂ ತಲೆಕೆಳಗು ಮಾಡುತ್ತದೆ. ನಾವು ಭಾಷೆಯನ್ನು ಕಳೆದುಕೊಳ್ಳುತ್ತಿಲ್ಲ, ಭಾಷೆಯೇ ನಮ್ಮನ್ನು ಕಳೆದುಕೊಳ್ಳುತ್ತಿದೆ ಅನ್ನೋದು ಅವರ ಮಾತಿನ ಸಾರ. ಭಾಷೆ ಅಲ್ಲೇ ಇದೆ, ಕೆರೆಯ ಹಾಗೆ ಕಾಯುತ್ತಾ. ಹೋದವರು ನಾವು. ಅವರು 'ನಮ್ಮ ಭಾಷೆ' ಅನ್ನುವುದಕ್ಕೆ ಬಳಸಿದ ಪದ 'ಗಿದಿನ್ವೇವಿನಿನಾನ್'. ಆರಂಭದ ಆ 'ಗಿ' ನೋಡಿ. ಕೇಳುವವನನ್ನೂ ಸೇರಿಸಿಕೊಂಡ 'ನಮ್ಮ' ಅದು. ಭಾಷೆ ಬಾರದ ಮೊಮ್ಮಗನ ಎದುರು ಕೂತು ಆ ಅಜ್ಜ 'ನಿನ್ನದೂ ನನ್ನದೂ ಆದ ಭಾಷೆ' ಅಂದ ಹಾಗಾಯಿತು. ಇಂಗ್ಲಿಷ್ ಪುಟದಲ್ಲಿ ಈ ಅಕ್ಷರ ಇಲ್ಲ.

ಈ ಎರಡೂ ಪುಸ್ತಕಗಳಿಗೆ ಇಂಗ್ಲಿಷ್ ಪುಟ ಊರುಗೋಲೂ ಹೌದು, ಬಲೆಯೂ ಹೌದು. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ನನ್ನಂಥವನು ಆ ಪುಟದಿಂದಲೇ ಒಳಗೆ ಹೋಗಿದ್ದು. ಮಿನ್ನೆಸೋಟಾ ವಿಶ್ವವಿದ್ಯಾಲಯದ ಒಜಿಬ್ವೆ ನಿಘಂಟು 2012ರಿಂದ ಗಣಕದಲ್ಲಿದೆ. ಪದ ಒತ್ತಿದರೆ ಹಿರಿಯರ ದನಿಯೇ ಕೇಳುತ್ತೆ. ಅದರ ಸಹಾಯದಿಂದ ಎಡಗಡೆ ಬಲಗಡೆ ಹೋಲಿಸುತ್ತಾ ಕೂತರೆ ಗೊತ್ತಾಗುತ್ತೆ: ಒಂದು ಉದ್ದದ ಒಜಿಬ್ವೆ ಪದ ಇಂಗ್ಲಿಷಿನಲ್ಲಿ ಇಡೀ ವಾಕ್ಯವಾಗಿ ಪುಡಿಯಾಗಿದೆ. ಕಲಿಯುವ ಹುಡುಗನಿಗೂ ಅದೇ ಅಪಾಯ. ಸುಲಭದ ಪುಟ ಪಕ್ಕದಲ್ಲೇ ಇರುವಾಗ ಕಣ್ಣು ಅಲ್ಲಿಗೇ ಜಾರುತ್ತೆ.

ಬುದ್ಧಿಮಾತುಗಳ ವಿಷಯದಲ್ಲಂತೂ ಈ ಜಾರುವಿಕೆ ಬಹಳ ದೂರ ಹೋಗಿದೆ. ಎಡ್ವರ್ಡ್ ಬೆಂಟನ್-ಬನಾಯ್ 1979ರಲ್ಲಿ ಬರೆದ 'ಮಿಶೊಮಿಸ್ ಬುಕ್' ಏಳು ಅಜ್ಜಂದಿರ ಏಳು ಬೋಧನೆಗಳನ್ನು ಇಂಗ್ಲಿಷಿನಲ್ಲಿ ಎಲ್ಲೆಡೆ ಹರಡಿದ ಪುಸ್ತಕ. ವಿವೇಕ, ಪ್ರೀತಿ, ಗೌರವ, ಧೈರ್ಯ, ಪ್ರಾಮಾಣಿಕತೆ, ವಿನಯ, ಸತ್ಯ. ಈ ಪುಸ್ತಕದ ಹಿನ್ನೆಲೆ ನಮಗೆ ಹತ್ತಿರದ್ದು. ಬೆಂಟನ್-ಬನಾಯ್ ಮತ್ತು ಕ್ಲೈಡ್ ಬೆಲೆಕೋರ್ಟ್ 1960ರ ದಶಕದ ಆರಂಭದಲ್ಲಿ ಜೈಲಿನೊಳಗೆ ಸೇರಿಕೊಂಡು ತಮ್ಮ ಜನರ ಕತೆ, ಸಂಸ್ಕೃತಿಗಳ ಪಾಠ ಶುರು ಮಾಡಿದವರು. ಬ್ಲ್ಯಾಕ್ ಪ್ಯಾಂಥರ್ ಗಾಳಿ ಬೀಸುತ್ತಿದ್ದ 1968ರಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್ ಹುಟ್ಟಿತು. ಅದೇ ಗಾಳಿ 1972ರಲ್ಲಿ ಮುಂಬಯಿಗೆ ಬಂದು ದಲಿತ ಪ್ಯಾಂಥರ್ ಆಯಿತು. ಅದೇ 1972ರಲ್ಲಿ ಅಲ್ಲಿನ ಚಳವಳಿಗಾರರು ಸೇಂಟ್ ಪಾಲ್‌ನಲ್ಲಿ ರೆಡ್ ಸ್ಕೂಲ್ ಹೌಸ್ ಎಂಬ ತಮ್ಮದೇ ಶಾಲೆ ತೆರೆದರು. ಬೆಂಟನ್-ಬನಾಯ್ ಅದನ್ನು ನಡೆಸಿದರು. ಬೆತ್ತದ ಶಾಲೆಗೆ ಜವಾಬಾಗಿ ಎದ್ದ ಶಾಲೆಯ ಪುಸ್ತಕ ಅದು.

ಆದರೆ ಆ ಏಳು ಪದಗಳು ಇವತ್ತು ಎಲ್ಲೆಲ್ಲಿವೆ? ಶಾಲೆಯ ಗೋಡೆಯಲ್ಲಿ, ಕಛೇರಿಯ ಗೋಡೆಯಲ್ಲಿ, ಬಣ್ಣದ ಪೋಸ್ಟರುಗಳಲ್ಲಿ, ಇಂಗ್ಲಿಷಿನಲ್ಲಿ. ವಿನಯವಾಗಿರು, ಗೌರವ ಕೊಡು. ಬಡವನ ಮಗುವಿಗೆ ಇದನ್ನು ಹೇಳದ ಸರ್ಕಾರ ಯಾವುದಿದೆ ಹೇಳಿ! ಒಜಿಬ್ವೆಯ ಪದ ಬಿಡಿಸಿದರೆ ಮಾತೇ ಬೇರೆ. ಪ್ರೀತಿಗೆ 'ಜಾಗಿಇದಿವಿನ್', ಗೌರವಕ್ಕೆ 'ಮನಾಜಿಇದಿವಿನ್'. ನಡುವಿನ 'ಇದಿ' ಎಂಬ ತುಣುಕಿಗೆ ಒಬ್ಬರಿಗೊಬ್ಬರು, ಪರಸ್ಪರ ಅಂತ ಅರ್ಥ. ಅಂದರೆ ಅಲ್ಲಿ ಗೌರವ ಅಂದರೆ ಕೆಳಗಿನವನು ಮೇಲಿನವನಿಗೆ ಕೊಡುವ ಕಾಣಿಕೆ ಅಲ್ಲ. ನೀನು ಕೊಟ್ಟು ನಾನು ಕೊಟ್ಟರೆ ಮಾತ್ರ ಆ ಪದ ಪೂರ್ತಿಯಾಗುತ್ತೆ. ವ್ಯಾಕರಣವೇ ಸಮಾನತೆಯ ಷರತ್ತು ಹಾಕಿದೆ. ಪೋಸ್ಟರಿನವರು ಷರತ್ತನ್ನು ಕಿತ್ತು ಉಪದೇಶ ಉಳಿಸಿಕೊಂಡರು. ಹಿರಿಯರ ಬೋಧನೆಗಳನ್ನು ಅವರ ಭಾಷೆಯಲ್ಲೇ ಯಾಕೆ ಹೇಳಬೇಕು ಅಂತ ಕೇಳುವವರಿಗೆ ಇಷ್ಟು ಉತ್ತರ ಸಾಕು ಅಂದುಕೊಳ್ತೀನಿ.

ಇಲ್ಲಿ ಒಂದು ತಕರಾರು ಏಳಬಹುದು. ಆದಿಜೋಕಾನ್ ಕತೆಗಳನ್ನು ನೆಲದ ಮೇಲೆ ಹಿಮ ಇರುವ ಚಳಿಗಾಲದಲ್ಲಿ ಮಾತ್ರ ಹೇಳಬೇಕು ಅನ್ನೋದು ಪದ್ಧತಿ. ಕೆಲವನ್ನು ಟೇಪಿಗೆ, ಅಚ್ಚಿಗೆ ಕೊಡಲು ಹಿರಿಯರು ಒಪ್ಪುವುದಿಲ್ಲ. ಕೇಳಿದರೆ ಕಿವಿಗೆ ಸೀಸ ಹುಯ್ಯಬೇಕು ಅಂದ ಶಾಸ್ತ್ರವನ್ನು ಧಿಕ್ಕರಿಸಿದ ನಾವು, ಕತೆ ಬಚ್ಚಿಡುವುದನ್ನು ಒಪ್ಪಬೇಕೆ? ನಾನು ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಅಲ್ಲಿ ಊರಿನ ಒಡೆಯ ತನ್ನ ಊರಿನ ಮಗುವಿಗೇ ಅಕ್ಷರದ ಬಾಗಿಲು ಹಾಕಿದ. ಇಲ್ಲಿ ಸೂರೆಯಾದ ಮನೆಯ ಮುದುಕಿ, ಮಿಕ್ಕಿದ್ದನ್ನು ಸೂರೆ ಮಾಡಿದವನಿಂದ ಕಾಪಾಡುತ್ತಿದ್ದಾಳೆ, ತನ್ನ ಮಕ್ಕಳಿಗೆ ಚಳಿಗಾಲ ಬರಲಿ ಹೇಳ್ತೀನಿ ಅಂತಿದ್ದಾಳೆ. ಆದರೂ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಅಮೆರಿಕದ ಕಡೆ ತೊಟ್ಟಿಲಿನಿಂದ ಒಜಿಬ್ವೆ ಕಲಿತು ಬೆಳೆದವರು ಈಗ ಬಹುಪಾಲು ವಯಸ್ಸಾದವರು. ಕಾಯುವುದಕ್ಕೆ ಹೆಚ್ಚು ಚಳಿಗಾಲಗಳು ಉಳಿದಿಲ್ಲ. ಏನು ಹೇಳಬೇಕು, ಏನು ಬಿಡಬೇಕು ಅನ್ನೋ ತೀರ್ಮಾನ ಅವರದೇ. ಆ ತೀರ್ಮಾನ ತಡವಾದರೆ ನಷ್ಟವೂ ಅವರ ಮೊಮ್ಮಕ್ಕಳದೇ.

ಈ ಆತುರದಿಂದ ಹುಟ್ಟಿದ ಪುಸ್ತಕ 2010ರ 'ಅವೆಸೀನ್ಯೆನ್ಸಗ್', ಅಂದರೆ ಪುಟ್ಟ ಪ್ರಾಣಿಗಳು. ಲೇಖಕಿಯರಾದ ಲೂಯಿಸ್ ಮತ್ತು ಹೈಡ್ ಅರ್ಡ್ರಿಕ್ ಅಕ್ಕತಂಗಿಯರು ಕಟ್ಟಿದ ವೀಗ್ವಾಸ್ ಪ್ರೆಸ್ ಇದನ್ನು ತಂದಿತು. ನ್ಯಾನ್ಸಿ ಜೋನ್ಸ್, ಯೂಜೀನ್ ಸ್ಟಿಲ್‌ಡೇ ಮೊದಲಾದ ಹಿರಿಯರೂ ಕಿರಿಯ ಮೇಷ್ಟ್ರುಗಳೂ ಸೇರಿ ಮಾಡಿದ ಮಕ್ಕಳ ಕತೆಗಳು. ಕತೆಗಳಿಗೆ ಇಂಗ್ಲಿಷ್ ಅನುವಾದ ಇಲ್ಲ. ಇದನ್ನು ನಾನು ಓದಲಾರೆ. ಅದರ ಗದ್ಯದ ಸೊಗಸಿನ ಬಗ್ಗೆ ತೀರ್ಪು ಕೊಡುವ ಅಧಿಕಾರ ನನಗಿಲ್ಲ. ಆದರೆ ಅದು ನನ್ನನ್ನು ಹೊರಗೆ ನಿಲ್ಲಿಸಿದ ರೀತಿಯನ್ನು ಓದಬಲ್ಲೆ. ಇದು ನಿನಗಲ್ಲ, ಪಂಡಿತನಿಗಲ್ಲ, ಪ್ರವಾಸಿಗಲ್ಲ, ಆರು ವರ್ಷದ ಒಜಿಬ್ವೆ ಹುಡುಗಿಗೆ ಅಂತ ಪುಟಪುಟವೂ ಹೇಳುತ್ತೆ. ಸ್ಕೂಲ್‌ಕ್ರಾಫ್ಟನ ಪುಸ್ತಕ ಬಂದ 171 ವರ್ಷಗಳ ಮೇಲೆ, ಆ ಹುಡುಗಿಯನ್ನೇ ಒಳಗಿಟ್ಟುಕೊಂಡು 'ಗೀನವಿಂದ್' ಅಂದ ಪುಸ್ತಕ ಇದು. ನನ್ನ ಅಳತೆಗೋಲಿನಲ್ಲಿ ಇದಕ್ಕೆ ಮೊದಲ ಸ್ಥಾನ.

ಪುಸ್ತಕ ಇದ್ದರೆ ಸಾಲದು, ಓದುವ ಬಾಯಿ ಬೇಕು. ವಿಸ್ಕಾನ್ಸಿನ್ನಿನ ಲಾಕ್ ಕೂರ್ಟ್ ಒರೇಯಲ್ಲಿ 2000ದ ದಶಕದ ಆರಂಭದಲ್ಲಿ 'ವಾದೂಕೊದಾದಿಂಗ್' ಎಂಬ ಶಾಲೆ ಶುರುವಾಯಿತು. ಲೆಕ್ಕ, ವಿಜ್ಞಾನ ಎಲ್ಲ ಒಜಿಬ್ವೆಯಲ್ಲೇ. ವಸಂತದಲ್ಲಿ ಮಕ್ಕಳು ಮೇಪಲ್ ರಸ ಕಾಯಿಸ್ತಾರೆ, ಸುಗ್ಗಿಯಲ್ಲಿ ಮನೋಮಿನ್ ಹುರೀತಾರೆ. ಶಾಲೆಯ ಹೆಸರಿನ ಅರ್ಥ ಒಬ್ಬರಿಗೊಬ್ಬರು ನೆರವಾಗುವ ಜಾಗ. ಮತ್ತೆ ಅದೇ ಪರಸ್ಪರ! ಅಮೆರಿಕ 1990ರಲ್ಲಿ ಮೂಲನಿವಾಸಿ ಭಾಷೆಗಳನ್ನು ಕಾಪಾಡುವ ಕಾಯಿದೆ ಮಾಡಿತು. ನಾಲಿಗೆ ಕತ್ತರಿಸಿದ ಕೈಯೇ ಮುಲಾಮು ಹಿಡಿದು ಬಂದಿದೆ, ಬೇಡ ಅನ್ನಬೇಕಾಗಿಲ್ಲ. ಆದರೆ ನೂರು ವರ್ಷ ಬೆತ್ತಕ್ಕೆ ಸುರಿದಷ್ಟು ಹಣವನ್ನು ಈಗ ಬಾಯಿ ಬಿಡಿಸುವುದಕ್ಕೆ ಸುರಿಯಲಿ ಅಂತ ಕೇಳುವುದು ಭಿಕ್ಷೆ ಅಲ್ಲ, ಸಾಲ ವಸೂಲಿ.

ಸಾಹಿತ್ಯ ವಿಮರ್ಶೆಗೂ ಇಲ್ಲಿ ಪಾಠ ಇದೆ. ಮೌಖಿಕ ಕತೆಯ ಪುಸ್ತಕ ಕೈಗೆ ಬಂದಾಗ ಬಂಧ, ಪ್ರತಿಮೆ, ಧ್ವನಿ ಅಂತ ಹುಡುಕೋಕೆ ಮುಂಚೆ ಮೂರು ಪ್ರಶ್ನೆ ಕೇಳಿ. ಹೇಳಿದವರ ಹೆಸರು ಎಲ್ಲಿದೆ? ಅವರ ಮಾತು ಅವರ ಭಾಷೆಯಲ್ಲಿ ಉಳಿದಿದೆಯೇ? ಅವರ ಮೊಮ್ಮಗಳು ಆ ಪುಸ್ತಕವನ್ನು ತೆರೆದು ನಗಬಲ್ಲಳೇ? ಮೂರನೆಯದಕ್ಕೆ ಹೌದು ಅನ್ನುವ ಉತ್ತರ ಬಂದರೆ ಅದು ಸಾಹಿತ್ಯ. ಇಲ್ಲ ಅಂತ ಬಂದರೆ, ಎಷ್ಟೇ ಚಿನ್ನದ ಅಂಚು ಹಾಕಿರಲಿ, ಅದು ಬರೀ ಜಪ್ತಿ ಪಟ್ಟಿ.